ಗೌಡರು ಮಾಡಿಸಿದ ಸಂಜೆ

ಸೂಗಮ್ಮನಿಗೆ ಬಡ್ತಿಯ ಆದೇಶ ಬಂದ ದಿನ ಕರಡಿಹಾಳದ ಗೌಡರ ಮನೆಯಲ್ಲಿ ಯಾರಿಗೂ ಹೆರಿಗೆ ಬೇನೆ ಬರಲಿಲ್ಲ. ಬಂದಿದ್ದರೆ ಅವಳು ಎಂದಿನಂತೆ ಹೋಗುತ್ತಿದ್ದಳು, ಈ ಕಥೆ ಅಂದೇ ಮುಗಿದುಹೋಗುತ್ತಿತ್ತು.

ಅವಳು ದೇವದುರ್ಗದವಳು. ಊರ ಹೊರಗಿನ ದಲಿತರ ಕೇರಿಯಲ್ಲಿ ಹುಟ್ಟಿದವಳು. ತಾಯಿ ಯಮನಮ್ಮ ಸೂಲಗಿತ್ತಿ. ಊರೊಳಗಿನ ಕೂಸುಗಳ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಮುದುಕಿಯಾದವಳು. ಸೂಗಮ್ಮ ರಾಯಚೂರಿನಲ್ಲಿ ಹಾಸ್ಟೆಲಿನ ಹುಳುಕು ಅನ್ನ ತಿಂದು, ನರ್ಸ್ ತರಬೇತಿ ಮುಗಿಸಿ, ಬಿಳಿ ಸೀರೆ ಉಟ್ಟು ಮನೆಗೆ ಹೋದಾಗ ಮುದುಕಿ ಅವಳ ಚೀಲ ಬಿಚ್ಚಿ ನೋಡಿದಳು.

"ನನಗ ಕುಡುಗೋಲು ಕೊಟ್ಟಿದ್ರು, ನಿನಗ ಕತ್ತರಿ ಕೊಟ್ಟಾರ," ಎಂದಳು. "ಬಾಗಿಲು ಯಾವುದಂತ ಕೇಳಿದಿಯೇನು?"

ಸೂಗಮ್ಮ ಕೇಳಿರಲಿಲ್ಲ. ಮಾನ್ವಿ ತಾಲೂಕಿನ ಕರಡಿಹಾಳದ ಉಪಕೇಂದ್ರಕ್ಕೆ ಬಂದ ಮೇಲೆ ಗೊತ್ತಾಯಿತು. ಬಾಗಿಲು ಅದೇ. ಹಿತ್ತಲ ಬಾಗಿಲು.

ಗೌಡರ ಓಣಿಯಲ್ಲಿ ಹೆರಿಗೆ ಎಂದರೆ ಹೀಗೆ. ಹಿತ್ತಲಿನಿಂದ ದನದ ಕೊಟ್ಟಿಗೆ, ಕೊಟ್ಟಿಗೆಯಿಂದ ಬಾಣಂತಿ ಕೋಣೆ. ಸೆಗಣಿ ತುಳಿದು ಹೋಗಬೇಕು, ಸೆಗಣಿ ತುಳಿದು ಬರಬೇಕು. ಮಂಡಿಯೂರಿ ಕೂತು, ಬೇನೆ ತಿನ್ನುವವಳ ಒದೆ ತಿಂದು, ಮೊಣಕೈತನಕ ನೆತ್ತರಾಗಿ ಕೂಸನ್ನು ಹೊರಗೆಳೆಯಬೇಕು. ಮಾಸು ಬೀಳುವತನಕ ಕಾಯಬೇಕು. ನೆತ್ತರಿನ ಬಟ್ಟೆಗಳನ್ನು ಕಾಲುವೆಗೆ ಒಯ್ದು ಒಗೆಯಬೇಕು. ಬಟ್ಟೆ ಒಗೆಯುವುದು ಸರಕಾರ ಹೇಳಿದ ಕೆಲಸವಲ್ಲ. ಸರಕಾರ ಏನು ಹೇಳಿದೆ ಎಂದು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಕೊನೆಗೆ ಗೌಡರ ಹೆಂಡತಿ ದೊಡ್ಡಗೌಡತಿ ಮೇಲಿನಿಂದ ರೊಟ್ಟಿ ಬಿಡುತ್ತಿದ್ದಳು. ಸೂಗಮ್ಮ ಸೆರಗು ಒಡ್ಡಬೇಕು. ಸೆರಗಿಗೆ ಬಿದ್ದದ್ದು ಅವಳದು, ನೆಲಕ್ಕೆ ಬಿದ್ದದ್ದು ನಾಯಿಯದು.

ಡಾಕ್ಟರು ರಾಯಚೂರಿನಲ್ಲಿ ಸ್ವಂತ ದವಾಖಾನೆ ನಡೆಸುತ್ತಿದ್ದರು. ಕರಡಿಹಾಳಕ್ಕೆ ಗುರುವಾರ ಬರುತ್ತಿದ್ದರು. ಗುರುವಾರ ಅಮಾವಾಸ್ಯೆ ಬಿದ್ದರೆ ಅದೂ ಇಲ್ಲ. ಹಾಗಾಗಿ ಅಡ್ಡ ಸಿಕ್ಕ ಕೂಸನ್ನು ತಿರುಗಿಸುವುದು, ಹರಿದದ್ದನ್ನು ಹೊಲಿಯುವುದು, ಸಲೈನ್ ಏರಿಸುವುದು ಎಲ್ಲ ಸೂಗಮ್ಮನೇ ಮಾಡುತ್ತಿದ್ದಳು. ಸಹಿ ಡಾಕ್ಟರು ಮಾಡುತ್ತಿದ್ದರು. ಅವಳಿಗಿಂತ ಆಮೇಲೆ ಸೇರಿದವರೆಲ್ಲ ಮೇಲೆ ಹತ್ತಿ ಹೋದರು. ಅವಳು ಕೊಟ್ಟಿಗೆಯಲ್ಲೇ ಉಳಿದಳು.

ಎಂಬತ್ತಾರನೆಯ ಇಸವಿಯಲ್ಲಿ ಬಡ್ತಿ ಬಂತು. ಹಿರಿಯ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ 'ದೊಡ್ಡ ನರ್ಸು'. ಸುತ್ತಲ ಹಳ್ಳಿಗಳ ಸಣ್ಣ ನರ್ಸುಗಳ ಕೆಲಸ ನೋಡಬೇಕು. ಮಕ್ಕಳಿಗೆ ಸಿರಪ್ಪು, ಪೋಲಿಯೊ ಹನಿ ಹಾಕಬೇಕು. ಕುರ್ಚಿಯ ಮೇಲೆ ಕೂತು ಬರೆಯಬೇಕು. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ, ಸಣ್ಣ ನರ್ಸಿನದು. ಇನ್ನು ಸೆಗಣಿ ಇಲ್ಲ.

ಮೊದಲ ದಿನ ಉಪಕೇಂದ್ರದ ಮುಂದೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಾಗಿ ನಿಂತರು. ಇರುಳುಗಣ್ಣು ಬರದಂತೆ ಕುಡಿಸುವ ಸಿರಪ್ಪು. ಸೂಗಮ್ಮ ಚಮಚ ತುಂಬಿಸಿ ಮುಂದೆ ಚಾಚಿದಳು. ಒಂದು ಬಾಯಿಯೂ ತೆರೆಯಲಿಲ್ಲ. ತಾಯಂದಿರು ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು.

ಮುಂದೆ ದೊಡ್ಡಗೌಡತಿ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು. ಹಿರಿಮಗಳ ಮಗ.

"ಯವ್ವಾರೆ, ಇವನ ತಲಿ ಹಿಡಿದು ಎಳದಾಕಿ ನಾನ ಅಲ್ಲೇನ್ರಿ?" ಎಂದಳು ಸೂಗಮ್ಮ.

"ಹೌದವಾ, ನೀನ ಎಳದಿ. ಯಾರ್ ಇಲ್ಲಂತಾರ? ಹೊಟ್ಟ್ಯಾಗಿಂದ ತಗದಿ. ಹೊಟ್ಟಿಗಿ ಹಾಕಬ್ಯಾಡ ಅಂತೀನಿ, ಅಷ್ಟ. ತಗಿಯಾ ಕೈ ಬ್ಯಾರೆ, ಹಾಕಾ ಕೈ ಬ್ಯಾರೆ."

ಸಿಟ್ಟಿಲ್ಲದೆ ಹೇಳಿದಳು. ಇವತ್ತು ಬಿಸಿಲು ಹೆಚ್ಚು ಎನ್ನುವ ಹಾಗೆ.

ಗುರುವಾರ ಡಾಕ್ಟರು ಬಂದರು. ಗೌಡರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಪರಿಹಾರ ಹುಡುಕಿದರು. ಉಪಕೇಂದ್ರದ ಜವಾನ ಆದೆಪ್ಪ. ಊರೊಳಗಿನ ಒಕ್ಕಲುತನದ ಮನೆಯವನು. ಅವನ ಕೈ ನಡೆಯುತ್ತದೆ. ಸೂಗಮ್ಮ ಬಾಟಲಿ ಕುರ್ಚಿಯ ಮೇಲಿಟ್ಟು ದೂರ ನಿಲ್ಲಬೇಕು. ಆದೆಪ್ಪ ಕುಡಿಸಬೇಕು. ಅವಳು ಮೇಲ್ವಿಚಾರಣೆ ಮಾಡಬೇಕು. ಆದೆಪ್ಪ ಎಡಗೈಯಲ್ಲಿ ತಂಬಾಕು ತಿಕ್ಕಿ, ಅದೇ ಬೆರಳಿನಲ್ಲಿ ಚಮಚ ಹಿಡಿದ. ಹೆಬ್ಬೆರಳು ಸಿರಪ್ಪಿನಲ್ಲಿ ಅದ್ದಿತ್ತು. ಮಕ್ಕಳು ತಂಬಾಕು ನೆಕ್ಕಿ ಮುಖ ಕಿವುಚಿದವು. ಮಡಿಗೆ ಭಂಗ ಬರಲಿಲ್ಲ.

"ನಿಗಾ ಇಡಕ್ಕಾ," ಎಂದ ಜೀಪಿನ ಡ್ರೈವರ್ ಖಾಜಾಮಿಯಾ, ಬಾನೆಟ್ಟಿಗೆ ಒರಗಿಕೊಂಡು. "ಮೇಲ್ವಿಚಾರಣೆ ಅಂದ್ರ ಸಣ್ಣ ಕೆಲಸಲ್ಲ. ನಮ್ಮ ಸಾಹೇಬ್ರು ರಾಯಚೂರಾಗ ಕುಂತು ನಮ್ಮೆಲ್ಲರದೂ ಮಾಡ್ತಾರ."

ಎರಡನೆಯ ತೊಡಕು ಹೆರಿಗೆಯದು. ಖಾಲಿಯಾದ ಸಣ್ಣ ನರ್ಸಿನ ಜಾಗಕ್ಕೆ ಯಾರೂ ಬರಲಿಲ್ಲ. ಡಾಕ್ಟರು ಅದನ್ನೂ ಬಗೆಹರಿಸಿದರು. ಅವರು ತೆಂಕಣ ಕಡೆಯವರು, ಮಾತು ಮೆತ್ತಗೆ.

"ನೋಡಮ್ಮ, ನಿಮಗೆ ಅನುಕೂಲ ಆಗೋ ಹಾಗೆ ಡ್ಯೂಟಿ ಹಾಕ್ತಾ ಇದೀನಿ. ಬೆಳಗಿನಿಂದ ದೀಪ ಹಚ್ಚೋ ತನಕ ನೀವು ದೊಡ್ಡ ನರ್ಸ್. ದೀಪ ಹಚ್ಚಿದ ಮೇಲೆ ಬೆಳಗಾಗೋ ತನಕ ಸಣ್ಣ ನರ್ಸ್. ಎರಡೂ ಅನುಭವ ಸಿಗುತ್ತೆ. ಸಿಟಿಯಲ್ಲಿ ಇಂಥ ಅನುಕೂಲ ಯಾರಿಗಿದೆ ಹೇಳಿ?"

"ಮಲಕೊಳ್ಳೋದು ಯಾವ ನರ್ಸ್ ಸಾರ್?"

"ಅದು ನಿಮ್ಮ ಅನುಕೂಲ."

ಗೌಡರು ತಲೆಯಾಡಿಸಿ ಒಪ್ಪಿದರು. "ಛಲೋ ಆತು. ಹಗಲು ಕುರ್ಚಿ ಮ್ಯಾಲ ಕುಂತು ದಣದಿರ್ತಾಳ, ಸಂಜಿಗಿ ಹೆರಿಗಿ ಮಾಡಿಸಿದ್ರ ಮೈ ಹಗೂರಾಗ್ತದ," ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ, ಅವರ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ತಿಂಗಳಾದ ಮೇಲೆ ಡಾಕ್ಟರ ಸಹಿಯ ಮೆಮೊ ಬಂತು. ಕರಡಿಹಾಳದ ಸಣ್ಣ ನರ್ಸ್ ಸೂಗಮ್ಮ ಹಗಲು ಹೊತ್ತು ಉಪಕೇಂದ್ರದಲ್ಲಿ ಇರುವುದಿಲ್ಲವಂತೆ. ಆಕೆಯ ಮೇಲೆ ಕ್ರಮ ಏಕೆ ಕೈಗೊಂಡಿಲ್ಲವೆಂದು ದೊಡ್ಡ ನರ್ಸ್ ಸೂಗಮ್ಮ ಉತ್ತರಿಸಬೇಕಂತೆ. ಸೂಗಮ್ಮ ಕನ್ನಡಿ ಮುಂದೆ ನಿಂತು ಆ ಮೆಮೊ ಜೋರಾಗಿ ಓದಿದಳು. ಎದುರಿಗಿದ್ದವಳೂ ಜೊತೆಗೇ ಓದಿದಳು. ನಿದ್ದೆಗೆಟ್ಟು ಅವಳ ಕಣ್ಣು ಒಳಗೆ ಹೋಗಿದ್ದವು.

ಮುಂದಿನ ಗುರುವಾರ ಡಾಕ್ಟರು ಟೈಪು ಮಾಡಿಸಿದ ಹಾಳೆ ತಂದರು. "ಬಡ್ತಿ ನನಗೆ ಬೇಡ. ಸ್ವಂತ ಇಚ್ಛೆಯಿಂದ ಸಣ್ಣ ನರ್ಸಾಗಿಯೇ ಉಳಿಯುತ್ತೇನೆ."

"ಯಾಕಮ್ಮ ಒದ್ದಾಡ್ತೀರಿ? ಒಂದು ಸಹಿ ಹಾಕಿ. ಊರಿಗೂ ಸಮಾಧಾನ, ನಿಮಗೂ ಸಮಾಧಾನ."

ಸಹಿ ಹಾಕಿದರೆ ಮತ್ತೆ ಬಡ್ತಿಯ ಮಾತಿಲ್ಲ. ರಿಟೈರ್ ಆಗುವತನಕ ಸೆಗಣಿ, ನೆತ್ತರು, ಸೆರಗಿಗೆ ರೊಟ್ಟಿ. ಆಮೇಲೆ ದೇವದುರ್ಗಕ್ಕೆ ಹೋಗಿ ತಾಯಿಯ ಕುಡುಗೋಲಿನ ಪಕ್ಕ ತನ್ನ ಕತ್ತರಿ ನೇತುಹಾಕಬೇಕು. ಸೂಗಮ್ಮ ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

"ಓದಿ ನೋಡ್ತೀನಿ ಸಾರ್."

"ಓದೋದಕ್ಕೆ ಏನಿದೆ ಅದರಲ್ಲಿ?"

"ಸ್ವಂತ ಇಚ್ಛೆ ಅದ ಅಂತ ಬರದೀರಲ್ರಿ. ಎಲ್ಲಿ ಅದ ಹುಡುಕಬೇಕು."

ಗೌಡರ ಸೊಸೆ ಶರಣಮ್ಮನಿಗೆ ಬೇನೆ ಎದ್ದದ್ದು ಒಂದು ನಡುಮಧ್ಯಾಹ್ನ. ಚೊಚ್ಚಲು. ಗೌಡರ ಆಳು ಮುದುಕಪ್ಪ ಓಡಿ ಬಂದ.

"ಸೂಗವ್ವಾ, ಜಲ್ದಿ ಬಾ. ಸಣ್ಣ ಗೌಡತಿ ಬ್ಯಾನಿ ತಿನ್ನಾಕತ್ತಾಳ."

ಸೂಗಮ್ಮ ಕತ್ತರಿ ಕುದಿಸಿ, ಚೀಲ ತುಂಬಿಕೊಂಡು, ಆದೆಪ್ಪನನ್ನೂ ಕರೆದುಕೊಂಡು ಹೊರಟಳು. ಗೌಡರ ಮನೆಯ ಮೂಲೆಗೆ ಬಂದಾಗ ಅವಳ ಕಾಲು ತಾವಾಗಿಯೇ ಹಿತ್ತಲ ಓಣಿಗೆ ತಿರುಗಿದವು. ಇಷ್ಟು ವರ್ಷದ ರೂಢಿ. ಅವಳು ನಿಂತಳು. ಕಾಲುಗಳನ್ನು ನೋಡಿದಳು. ತಿರುಗಿಸಿಕೊಂಡು ಮುಂಬಾಗಿಲಿಗೆ ಹೋದಳು. ಹೊಸ್ತಿಲ ಹೊರಗೆ ಚೀಲ ಹಿಡಿದು ನಿಂತಳು.

ಗೌಡರು ಪಡಸಾಲೆಯಲ್ಲಿ ಓಡಾಡುತ್ತಿದ್ದರು. ಅವಳನ್ನು ಕಂಡು ನಿಂತರು.

"ಹಿತ್ತಲಾಗ ಹೋಗು ಬೇ. ಇಲ್ಲ್ಯಾಕ ನಿಂತಿ?"

"ಹಿತ್ತಲಾಗ ಬರಾಕಿ ಸಣ್ಣ ನರ್ಸ್‌ರೀ. ಅಕಿ ಡ್ಯೂಟಿ ದೀಪ ಹಚ್ಚಿದ ಮ್ಯಾಲ. ಈಗ ದೊಡ್ಡ ನರ್ಸ್ ಬಂದಾಳ. ಡಾಕ್ಟರು ಹೇಳಿದಾಗ ನೀವೂ ಕುಂತಿದ್ರಿ."

"ಒಳಗ ಜೀವ ಹೋಗಾಕತ್ತದ. ಆಟ ಆಡ್ತೀ?"

"ಆಟ ನಾ ಹೂಡಿಲ್ರಿ. ಬಾಗಿಲು ಬಿಡ್ರಿ, ಈಗ ಒಳಗ ಬರ್ತೀನಿ."

ಒಳಗಿನಿಂದ ಕೂಗು ಬಂತು. ಸೂಗಮ್ಮನ ಬೆರಳು ಚೀಲದ ಹಿಡಿಗೆ ಬಿಗಿದವು. ಅವಳು ಕೂಗನ್ನೇ ಆಲಿಸುತ್ತಿದ್ದಳು. ಕೂಗು ಇನ್ನೂ ಗಂಟಲಿನಿಂದ ಬರುತ್ತಿತ್ತು. ಸೊಂಟದಿಂದ ಬಂದಿರಲಿಲ್ಲ. ಹೊತ್ತಿದೆ. ಸ್ವಲ್ಪ ಹೊತ್ತಿದೆ. ಸೊಂಟದಿಂದ ಬಂದರೆ ತಾನು ಯಾವ ಬಾಗಿಲಾದರೂ ನುಗ್ಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಅದು ಗೌಡರಿಗೆ ಗೊತ್ತಾಗಬಾರದು, ಅಷ್ಟೇ.

ಗೌಡರ ಕಣ್ಣು ಆದೆಪ್ಪನ ಮೇಲೆ ಬಿತ್ತು. "ಲೇ ಆದೆಪ್ಪ, ನಿನ್ನ ಕೈ ನಡೀತದ. ನೀ ಒಳಗ ಹೋಗು. ಅಕಿ ಇಲ್ಲಿಂದ ಹೇಳ್ಲಿ, ನೀ ಮಾಡು. ಮೇಲ್ವಿಚಾರಣಿ ಅಂದ್ರ ಅದ ಅಲ್ಲೇನು?"

ಆದೆಪ್ಪನ ಬಾಯಲ್ಲಿದ್ದ ತಂಬಾಕು ಗಂಟಲಿಗೆ ಇಳಿಯಿತು. "ಯಪ್ಪಾ, ನಂದು ಬಾಯಿ ಕಡೆ ಡ್ಯೂಟಿರೀ," ಎಂದ. "ಆ ಕಡೆಯದು ನನಗ ಬರಂಗಿಲ್ಲ." ಇಷ್ಟು ಹೇಳಿ, ಕೆಮ್ಮುತ್ತ ಓಟ ಕಿತ್ತ. ಮೂಲೆ ತಿರುಗುವತನಕ ಹಿಂದೆ ನೋಡಲಿಲ್ಲ.

ಗೌಡರು ಯೋಚನೆ ಮಾಡಿದರು. ಹೊಲ, ಕಾಲುವೆಯ ನೀರು, ಪಂಚಾಯಿತಿ ಎಲ್ಲ ಅವರ ಮಾತು ಕೇಳುತ್ತಿದ್ದವು. ಹೊತ್ತು ಯಾಕೆ ಕೇಳಬಾರದು?

"ಸಂಜಿ ಮಾಡ್ರಿ," ಎಂದರು.

ಮನೆಯವರಿಗೆ ತಿಳಿಯಲಿಲ್ಲ.

"ದೀಪ ಹಚ್ಚಿದ್ರ ಅಕಿ ಸಣ್ಣ ನರ್ಸ್ ಆಗ್ತಾಳಂತ. ಹಚ್ಚ್ರಿ ದೀಪ. ಗಡಿಯಾರ ತಿರುವ್ರಿ. ಮುದುಕಪ್ಪ, ದನ ಹೊಡಕೊಂಡು ಬಾ. ಸಂಜಿ ಅಂದ್ರ ಪೂರಾ ಸಂಜಿ ಆಗ್ಬೇಕು. ನಾಳೆ ಅಕಿ ಒಂದು ಮಾತು ಆಡಬಾರ್ದು."

ಗೌಡರ ತಮ್ಮ ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳು ತಿರುವಿದ. ಅದು ಗಂಟೆ ಹೊಡೆಯುವ ಹಳೆಯ ಗಡಿಯಾರ. ಪ್ರತಿ ಗಂಟೆಗೂ ನಿಂತು ಹೊಡೆಸದೆ ತಿರುವುವಂತಿಲ್ಲ. ಒಂದು ಹೊಡೆಯಿತು. ಶರಣಮ್ಮ ಕೂಗಿದಳು. ಎರಡು ಹೊಡೆಯಿತು. ಮತ್ತೆ ಕೂಗಿದಳು. ಆರು ಹೊಡೆಯುವಷ್ಟರಲ್ಲಿ ಗೌಡರ ತಮ್ಮ ಬೆವೆತು ಹೋಗಿದ್ದ. ಅಡಿಗೆಮನೆಯಿಂದ ಯಾರೋ ಕಂದೀಲು ತಂದು ಮುಂಬಾಗಿಲಿಗೆ ತೂಗುಹಾಕಿದರು. ಬಿಸಿಲಿನಲ್ಲಿ ಅದು ಹತ್ತಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಗೌಡರು ಕೈ ಇಟ್ಟು ನೋಡಿ, ಬೆರಳು ಸುಟ್ಟುಕೊಂಡು, ಹತ್ತಿದೆ ಎಂದು ಖಾತ್ರಿ ಮಾಡಿಕೊಂಡರು. ಎದುರು ಮನೆಯ ಮುದುಕಿಯೊಬ್ಬಳು ಗಂಟೆ ಕೇಳಿ, ಕಂದೀಲು ನೋಡಿ, ತನ್ನ ಮನೆಯ ದೀಪಕ್ಕೂ ಎಣ್ಣೆ ಹಾಕಿ ಕೈಮುಗಿದಳು.

"ಆತಿಲ್ಲೇನು ಸಂಜಿ?" ಎಂದರು ಗೌಡರು. "ಇನ್ನ ಹಿತ್ತಲಾಗ ನಡಿ."

ಸೂಗಮ್ಮ ತಲೆ ಎತ್ತಿ ನೋಡಿದಳು. ಸೂರ್ಯ ನೆತ್ತಿಯ ಮೇಲಿದ್ದ. ಅವಳ ನೆರಳು ಅವಳ ಕಾಲಿನ ಕೆಳಗೇ ಮುದುಡಿ ಬಿದ್ದಿತ್ತು.

"ಸೂರ್ಯಗ ಯಾರೂ ಹೇಳಿಲ್ಲಂತ ಕಾಣ್ತದ್ರಿ," ಎಂದಳು.

ಅಷ್ಟರಲ್ಲಿ ಮುದುಕಪ್ಪ ದನ ಹೊಡೆದುಕೊಂಡು ಬಂದ. ಮೇವು ಅರ್ಧಕ್ಕೆ ಬಿಡಿಸಿದ ಸಿಟ್ಟು ದನಗಳಿಗಿತ್ತು. ಎತ್ತು, ಎಮ್ಮೆ, ಕರು ಎಲ್ಲ ಒಟ್ಟಿಗೆ ಹಿತ್ತಲ ಬಾಗಿಲಿಗೆ ನುಗ್ಗಿದವು. ಎರಡು ಎತ್ತುಗಳ ಕೊಂಬು ಬಾಗಿಲ ಚೌಕಟ್ಟಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡವು. ಹಿಂದಿನಿಂದ ಎಮ್ಮೆ ಒತ್ತಿತು. ಚೌಕಟ್ಟು ಕಿರುಗುಟ್ಟಿತು. ಮುದುಕಪ್ಪ ಬೊಬ್ಬೆ ಹಾಕಿದ. ಗೌಡರು, ಗೌಡರ ತಮ್ಮ, ಆಳುಗಳು, ಹೆಂಗಸರು ಎಲ್ಲರೂ ಹಿತ್ತಲಿಗೆ ಓಡಿದರು. ಒಬ್ಬರು ಬಾಲ ಜಗ್ಗಿದರು. ಒಬ್ಬರು ಕೊಂಬು ಹಿಡಿದರು. ಹಿತ್ತಲ ಬಾಗಿಲಿನಲ್ಲಿ ಇರುವೆಗೂ ಜಾಗವಿರಲಿಲ್ಲ.

ಆಗಲೇ ಒಳಗಿನ ಕೂಗು ಬದಲಾಯಿತು. ಸೊಂಟದಿಂದ ಬಂತು.

ಮುಂಬಾಗಿಲಿನಲ್ಲಿ ಯಾರೂ ಇರಲಿಲ್ಲ. ಕಂದೀಲು ಒಂದೇ ಇತ್ತು. ಸೂಗಮ್ಮ ಅದನ್ನು ಊದಿ ಆರಿಸಿದಳು. ಹೊಸ್ತಿಲು ದಾಟಿದಳು.

ಪಡಸಾಲೆಯ ಕಲ್ಲು ತಣ್ಣಗಿತ್ತು. ಈ ಮನೆಯಲ್ಲಿ ಇಷ್ಟು ಕೂಸುಗಳನ್ನು ಹಿಡಿದಿದ್ದರೂ ಅವಳ ಕಾಲು ಈ ಕಲ್ಲನ್ನು ಮುಟ್ಟಿರಲಿಲ್ಲ. ದೇವರ ಕೋಣೆ ದಾಟಿದಳು. ಅಡಿಗೆಮನೆ ದಾಟಿದಳು. ಬಾಣಂತಿ ಕೋಣೆಯಲ್ಲಿ ದೊಡ್ಡಗೌಡತಿ ಒಬ್ಬಳೇ ಸೊಸೆಯ ಹೆಗಲು ಹಿಡಿದು ಕೂತಿದ್ದಳು. ಕೊಟ್ಟಿಗೆ ಕಡೆಯ ಬಾಗಿಲು ನೋಡುತ್ತಿದ್ದವಳು ಬೆನ್ನ ಹಿಂದಿನಿಂದ ಸೂಗಮ್ಮ ಬಂದದ್ದು ತಿಳಿದು ತಿರುಗಿದಳು.

"ನೀ... ಯಾವ ಕಡೆಯಿಂದ ಬಂದಿ?"

"ಅತ್ತ ಸರೀರಿ," ಎಂದಳು ಸೂಗಮ್ಮ. ಮಂಡಿಯೂರಿದಳು.

ಶರಣಮ್ಮ ಅವಳ ತೋಳಿಗೆ ಉಗುರು ನೆಟ್ಟಳು. ಒದ್ದಳು. ಸೂಗಮ್ಮ ಒದೆ ತಿಂದಳು. ತಲೆ ಬಂತು. ಬಳ್ಳಿ ಕೂಸಿನ ಕೊರಳಿಗೆ ಸುತ್ತಿತ್ತು. ಬೆರಳು ತೂರಿಸಿ ಬಿಡಿಸಿದಳು. ಹೆಗಲು ತಿರುಗಿಸಿದಳು. ಎಳೆದಳು. ಗಂಡು ಕೂಸು. ನೀಲಿಗಟ್ಟಿತ್ತು. ಅಳಲಿಲ್ಲ. ಅಂಗಾಲಿಗೆ ಹೊಡೆದಳು. ಬೆನ್ನು ತಿಕ್ಕಿದಳು. ಬಾಯೊಳಗಿನ ಲೋಳೆ ಬೆರಳಿನಿಂದ ತೆಗೆದಳು. ಅಳಲಿಲ್ಲ.

ಸೂಗಮ್ಮ ಬಗ್ಗಿ ಕೂಸಿನ ಬಾಯಿಗೂ ಮೂಗಿಗೂ ಸೇರಿಸಿ ತನ್ನ ಬಾಯಿ ಇಟ್ಟಳು.

"ಏ, ಬಾಯಿ..." ಎಂದಳು ದೊಡ್ಡಗೌಡತಿ. ಕೈ ಅಡ್ಡ ತಂದಳು. ಶರಣಮ್ಮ ಬಿದ್ದಲ್ಲಿಂದಲೇ ಅತ್ತೆಯ ಮುಂಗೈ ಹಿಡಿದಳು. ಬಿಡಲಿಲ್ಲ.

ಸೂಗಮ್ಮ ಊದಿದಳು. ಕೆನ್ನೆಯಲ್ಲಿದ್ದಷ್ಟೇ ಗಾಳಿ. ಸಣ್ಣ ಎದೆ ಏರಿತು. ಇಳಿಯಿತು. ಮತ್ತೆ ಊದಿದಳು. ಮತ್ತೆ. ಕೂಸು ಕೆಮ್ಮಿತು. ಆಮೇಲೆ ಅತ್ತಿತು. ಹಿತ್ತಲಲ್ಲಿ ಎತ್ತಿನ ಕೊಂಬು ಬಿಡಿಸುತ್ತಿದ್ದವರೆಲ್ಲ ಮನೆಯ ಕಡೆ ತಿರುಗಿದರು.

ಸಂಜೆಗೆ, ನಿಜವಾದ ಸಂಜೆಗೆ, ಗೌಡರು ಅಯ್ಯನವರನ್ನು ಕರೆಸಿದರು. ಪಡಸಾಲೆ ತೊಳೆದಾಗಿತ್ತು. ಹೊಸ್ತಿಲು ಸಾರಿಸಿಯಾಗಿತ್ತು. ಕೂಸಿನೊಳಗೆ ಊದಿದ ಉಸಿರಿಗೆ ಏನು ಮಾಡಬೇಕೆಂಬುದೇ ತಿಳಿಯದಾಗಿತ್ತು. ಅಯ್ಯನವರು ಕೂಸಿಗೆ ವಿಭೂತಿ ಹಚ್ಚಿ, ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, "ನೀರಿಗೆ ಶುದ್ಧಿ ಅದ, ನೆಲಕ್ಕ ಶುದ್ಧಿ ಅದ. ಉಸಿರಿಂದು ನಮ್ಮ ಕಡೆ ಬರಂಗಿಲ್ಲ," ಎಂದು ದಕ್ಷಿಣೆ ತೆಗೆದುಕೊಂಡು ಹೋದರು.

ದೊಡ್ಡಗೌಡತಿಗೆ ತಡೆಯಲಾಗಲಿಲ್ಲ. ಮರುದಿನ ಉಪಕೇಂದ್ರಕ್ಕೆ ತಾನೇ ಬಂದಳು. ದೂರದಲ್ಲಿ ನಿಂತು ಕೇಳಿದಳು. "ಊದಿದ್ದು ಹೊರಗ ತಗಿಯಾಕ ಬರ್ತದೇನವಾ?"

"ಬರ್ತದ್ರಿ," ಎಂದಳು ಸೂಗಮ್ಮ. "ಕೂಸಿನ ಮೂಗು ಬಾಯಿ ಮುಚ್ಚಿ ಹಿಡಿಬೇಕು. ಹಿಡೀರಿ ಅಂದ್ರ ಬರ್ತೀನಿ. ಯಾವ ಬಾಗಿಲಾಗ ಬರ್ಲಿ ಹೇಳ್ರಿ."

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು.

ಗುರುವಾರವಲ್ಲದಿದ್ದರೂ ಡಾಕ್ಟರು ಬಂದರು. ಗೌಡರು ದೂರು ಕೊಟ್ಟಿದ್ದರು. ಹೆರಿಗೆಯ ಹೊತ್ತಿಗೆ ಸಣ್ಣ ನರ್ಸ್ ಕೆಲಸದ ಮೇಲೆ ಇರಲಿಲ್ಲ, ಇದು ಒಂದು. ದೊಡ್ಡ ನರ್ಸ್ ತನ್ನದಲ್ಲದ ಹೆರಿಗೆ ಮಾಡಿಸಿದಳು, ಇದು ಎರಡು. ಕೂಸು ಬದುಕಿದ್ದು ದೂರಿನಲ್ಲಿ ಇರಲಿಲ್ಲ.

"ಆ ಹಾಳೆ ಎಲ್ಲಿದೆಯಮ್ಮ? ಸಹಿ ಹಾಕಿ ಕೊಡಿ, ಎಲ್ಲ ಮುಚ್ಚಿಹಾಕ್ತೀನಿ. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಸೂಗಮ್ಮ ಚೀಲದಿಂದ ಹಾಳೆ ತೆಗೆದಳು. ಕುರ್ಚಿಯಲ್ಲಿ ಕೂತಳು. ಡಾಕ್ಟರು ನಿಂತೇ ಇದ್ದರು. ಉಪಕೇಂದ್ರಕ್ಕೆ ಇದ್ದದ್ದು ಒಂದೇ ಕುರ್ಚಿ. ಟೈಪಾಗಿದ್ದುದರ ಮೇಲೆ ಅಡ್ಡಗೆರೆ ಎಳೆದು, ಹಾಳೆ ತಿರುವಿ ಬರೆದಳು. ಬರೆದು ಕೊಟ್ಟಳು.

ಡಾಕ್ಟರು ಓದಿದರು. ಮತ್ತೊಮ್ಮೆ ಓದಿದರು. "ಏನಿದು?"

"ಸಣ್ಣ ನರ್ಸ್ ಸೂಗಮ್ಮ ಹಿತ್ತಲ ಬಾಗಿಲ ಕೆಲಸ ಒಲ್ಲೆ ಅಂತ ಬರಕೊಟ್ಟಾಳ್ರಿ. ಅಕಿ ಮ್ಯಾಲಿನ ದೊಡ್ಡ ನರ್ಸ್ ನಾನು. ಅಕಿನ್ನ ಕೆಲಸದಿಂದ ಬಿಡಿಸೀನಿ. ಕ್ರಮ ಕೈಗೊಳ್ಳು ಅಂತ ಮೆಮೊ ಕಳಿಸಿದ್ರಲ್ಲ ಸಾರ್, ಕೈಗೊಂಡೀನಿ."

"ಇದು ಹ್ಯಾಗಮ್ಮ ಆಗುತ್ತೆ? ಇಬ್ಬರೂ ನೀವೇ ಅಲ್ವ?"

"ಇಬ್ಬರನ್ನ ಮಾಡಿದವರು ನೀವು. ನಾ ಒಬ್ಬಾಕಿನ್ನ ಕಡಿಮಿ ಮಾಡೀನಿ."

ಹೊರಗೆ ಜೀಪಿನ ಬಳಿ ಖಾಜಾಮಿಯಾ ಕೆಮ್ಮಿದ. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಡಾಕ್ಟರು ಹಾಳೆಯನ್ನು ರಾಯಚೂರಿಗೆ ಮೇಲಿನವರಿಗೆ ಕಳಿಸಿದರು. ಮೇಲಿನವರು ಇನ್ನೂ ಓದುತ್ತಿದ್ದಾರೆ. ಸೂಗಮ್ಮ ಹೆರಿಗೆಗೆ ಹೋಗುವುದು ನಿಲ್ಲಿಸಲಿಲ್ಲ. ಮುಂಬಾಗಿಲಿನಿಂದ ಕರೆದವರ ಮನೆಗೆ ಹೋದಳು. ಹಗಲೂ ಹೋದಳು, ರಾತ್ರಿಯೂ ಹೋದಳು. ಬಡವರ ಗುಡಿಸಲಿಗೆ ಇರುವುದು ಒಂದೇ ಬಾಗಿಲು. ಅಲ್ಲಿ ತೊಡಕಿರಲಿಲ್ಲ. ಗೌಡರ ಓಣಿಯ ಹೆಂಗಸರನ್ನು ಬೇನೆಯಲ್ಲೇ ಚಕ್ಕಡಿಗೆ ಹಾಕಿ ಮಾನ್ವಿಗೆ ಒಯ್ದರು. ದಾರಿಯಲ್ಲಿ ಒಬ್ಬಳು ಕಾಲುವೆಯ ಏರಿಯ ಮೇಲೆ ಹೆತ್ತಳು. ಮಡಿ ಉಳಿಯಿತು.

ಪೋಲಿಯೊ ಹನಿಯ ದಿನ ಬಂತು. ಖಾಜಾಮಿಯಾ ಮಂಜುಗಡ್ಡೆಯ ಡಬ್ಬಿ ಇಳಿಸಿ ಹೋದ. ತಾಯಂದಿರು ಸಾಲಾಗಿ ನಿಂತರು. ಸಾಲು ಆದೆಪ್ಪನ ಮುಂದಿತ್ತು. ಡಬ್ಬಿ ಸೂಗಮ್ಮನ ತೊಡೆಯ ಮೇಲಿತ್ತು. ಆದೆಪ್ಪ ಅಂಗೈ ಪಂಚೆಗೆ ಒರೆಸಿಕೊಂಡು ಕೈ ಚಾಚಿದ.

"ಕೊಡವಾ, ಹಾಕ್ತೀನಿ."

"ಕೈ ತಗಿ," ಎಂದಳು ಸೂಗಮ್ಮ.

ಆದೆಪ್ಪ ಸಾಲಿನ ಕಡೆ ನೋಡಿದ. ಸಾಲು ಅವನ ಕಡೆ ನೋಡಿತು. ಯಾರೂ ಅಲುಗಲಿಲ್ಲ. ಬಿಸಿಲು ಏರುತ್ತಿತ್ತು. ಡಬ್ಬಿಯ ತಳದಿಂದ ನೀರು ಇಳಿದು ಸೂಗಮ್ಮನ ಬಿಳಿ ಸೀರೆ ತೋಯುತ್ತಿತ್ತು.

ಸಾಲಿನ ಹಿಂದಿನಿಂದ ಶರಣಮ್ಮ ಬಂದಳು. ಕಂಕುಳಲ್ಲಿ ಕೂಸು. ಹಿಂದೆಯೇ ದೊಡ್ಡಗೌಡತಿ, ಸೊಸೆಯ ಸೆರಗು ಜಗ್ಗುತ್ತ. ಶರಣಮ್ಮ ಸೆರಗು ಬಿಡಿಸಿಕೊಂಡಳು.

"ಬಿಡ್ರಿ ಅತ್ತಿ. ಇವ ಅಕಿ ಎಂಜಲಾ ಮದಲ ಉಂಡಾನ. ನನ್ನ ಹಾಲು ಆಮ್ಯಾಲ ಕುಡದಾನ."

ಕೂಸಿನ ಕೆನ್ನೆ ಒತ್ತಿ ಬಾಯಿ ತೆರೆಸಿದಳು. ಸೂಗಮ್ಮ ಹನಿ ಹಾಕಿದಳು. ಕೂಸು ಚಪ್ಪರಿಸಿತು.

ಉಳಿದವರು ಇನ್ನೂ ಆದೆಪ್ಪನ ಮುಂದೆಯೇ ನಿಂತಿದ್ದರು. ಆದೆಪ್ಪನ ಕೈ ಖಾಲಿ ಇತ್ತು.

"ಮಂಜುಗಡ್ಡಿ ಕರಗಾಕತ್ತದ," ಎಂದಳು ಸೂಗಮ್ಮ. "ಬರೋರು ಬರ್ರಿ."